ಲಾನ್‌ಮೂವರ್ ನೋಡಲು ಹೋದವರು

ಸ್ಟಾಕ್‌ಪೋರ್ಟಿನಲ್ಲಿ ಡಾಕ್ಟರ್ ಶ್ರೀರಂಗನ ಮನೆಯ ಗರಾಜಿನಲ್ಲಿ ಒಂದು ಲಾನ್‌ಮೂವರ್ ಇತ್ತು. ಕೆಂಪು ಬಣ್ಣದ್ದು, ಹುಲ್ಲು ಕತ್ತರಿಸುವ ಮಾಮೂಲಿ ಯಂತ್ರ. ಆದರೆ ಹತ್ತೊಂಬತ್ತು ವರ್ಷಗಳಲ್ಲಿ ಮ್ಯಾಂಚೆಸ್ಟರ್ ಸುತ್ತಮುತ್ತಲಿನ ಕನ್ನಡದ ಡಾಕ್ಟರುಗಳು ಅದನ್ನು ನೋಡಲು ಹೋದಷ್ಟು ಸಲ ಯಾವ ದೇವಸ್ಥಾನಕ್ಕೂ ಹೋಗಿರಲಾರರು. ಊಟಕ್ಕೆ ಬಂದವರು ಕೋಸಂಬರಿ ಮುಟ್ಟುವ ಮೊದಲೇ ಯಾರಾದರೊಬ್ಬರು ಎದ್ದು, "ಏನಯ್ಯಾ ರಂಗ, ಲಾನ್‌ಮೂವರ್ ಹೇಗಿದೆ?" ಎನ್ನುತ್ತಿದ್ದರು. ಗಂಡಸರೆಲ್ಲ ಸಾಲಾಗಿ ಗರಾಜಿಗೆ ನಡೆಯುತ್ತಿದ್ದರು. ಒಂದು ಗಂಟೆಯ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು, ಏಲಕ್ಕಿ ಅಗಿಯುತ್ತ ವಾಪಸು ಬರುತ್ತಿದ್ದರು.

ಈ ನಾಟಕವೆಲ್ಲ ಶ್ರೀರಂಗನ ತಾಯಿ ವಸುಂಧರಮ್ಮನವರಿಗಾಗಿ. ಮೈಸೂರಿನಲ್ಲಿ ಮೂವತ್ತು ವರ್ಷ ಹೈಸ್ಕೂಲು ಟೀಚರಾಗಿದ್ದು, ಗಂಡ ತೀರಿಕೊಂಡ ಮೇಲೆ ಮಗನ ಹತ್ತಿರ ಬಂದು ನೆಲೆಸಿದ್ದರು. "ಅಮ್ಮನಿಗೆ ಗೊತ್ತಾಗಬಾರದು" ಎನ್ನುವುದು ಆ ಮನೆಯ ಮೊದಲನೇ ಕಾನೂನು. ಕಾನೂನು ಮಾಡಿದ್ದು ಶ್ರೀರಂಗ, ಅದನ್ನು ಪಾಲಿಸುವ ಚಾಕರಿ ಹೆಂಡತಿ ರಾಜೇಶ್ವರಿಯದು. ಪಾರ್ಟಿ ಮುಗಿದ ಮರುದಿನ ಗರಾಜಿನಲ್ಲಿ ಕುಡಿದಿಟ್ಟ ಗ್ಲಾಸುಗಳನ್ನು ಬೇರೆಯಾಗಿ ತೊಳೆಯುವವಳು ಅವಳು. ಸೋಮವಾರ ಬೆಳಿಗ್ಗೆ ಲೈಬ್ರರಿಯ ಕೆಲಸಕ್ಕೆ ಹೋಗುವ ದಾರಿಯಲ್ಲಿ ಖಾಲಿ ಬಾಟಲಿಗಳನ್ನು ಕಾರಿನ ಡಿಕ್ಕಿಯಲ್ಲಿ ಹೇರಿಕೊಂಡು, ಸೂಪರ್‌ಮಾರ್ಕೆಟ್ಟಿನ ಹಿಂದೆ ಹಳೆಯ ಗಾಜಿಗೆಂದು ಇಟ್ಟಿರುವ ದೊಡ್ಡ ಡಬ್ಬಿಗೆ ಒಂದೊಂದಾಗಿ ಹಾಕಿ ಬರುವವಳೂ ಅವಳೇ. ಡಬ್ಬಿಯೊಳಗೆ ಅವು ಒಡೆಯುವ ಸದ್ದಿಗೆ ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು. ಇಷ್ಟೊಂದು ಕುಡಿಯುವ ಹೆಂಗಸು ಯಾರಪ್ಪಾ ಎಂದುಕೊಂಡಿರಬೇಕು.

2003ರ ಜೂನ್. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಹಿತ್ತಲಲ್ಲಿ ದೊಡ್ಡ ಮಾರ್ಕೀ ಹಾಕಿಸಿ ಎಂಬತ್ತು ಜನಕ್ಕೆ ಊಟ ಹಾಕಬೇಕೆಂದು ಶ್ರೀರಂಗ ತೀರ್ಮಾನಿಸಿದ. ಮಾರ್ಕೀ ಅಂದರೆ ನಮ್ಮ ಶಾಮಿಯಾನವೇ, ಬಿಳಿ ಬಟ್ಟೆ, ದಪ್ಪ ಹಗ್ಗ. ಬಾಡಿಗೆಯವನು ಒಂದು ದಿನದ ಇನ್ಶೂರೆನ್ಸ್ ಇಲ್ಲದೆ ಗೂಟ ಹೊಡೆಯುವುದಿಲ್ಲ ಎಂದ. ಪಾರ್ಟಿಗೆ ಬಂದವರಿಗೋ ಅಡುಗೆಯವರಿಗೋ ಏಟಾದರೆ ಪರಿಹಾರ ಕೊಡುವ ಇನ್ಶೂರೆನ್ಸ್ ಅದು. ಅಂಚೆಯಲ್ಲಿ ಫಾರಂ ಬಂತು. ಶನಿವಾರ ಮಧ್ಯಾಹ್ನ ಶ್ರೀರಂಗ ಊಟದ ಮೇಜಿನ ಮುಂದೆ ಕುಳಿತು ತುಂಬತೊಡಗಿದ. ಪಕ್ಕದ ಕುರ್ಚಿಯಲ್ಲಿ ವಸುಂಧರಮ್ಮ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಮೂಗಿನ ಮೇಲೆ ಕನ್ನಡಕ. ಟೀಚರ ಕಣ್ಣು, ಯಾರ ಕಾಗದವನ್ನೂ ಓದದೆ ಬಿಡುವುದಿಲ್ಲ.

"ಅದೇನೋ ಒಂಬತ್ತನೇದು, ಆಲ್ಕೋಹಾಲ್ ಅಂತ ಬರೆದಿದಾರಲ್ಲ?"

"ಪಾರ್ಟೀಲಿ ಡ್ರಿಂಕ್ಸ್ ಕೊಡ್ತೀರಾ ಅಂತ ಕೇಳ್ತಾರಮ್ಮ. ಇಲ್ಲಿಯವರ ಪದ್ಧತಿ ಅಲ್ವಾ."

"ನಮ್ಮನೇಲಿ ಅದೆಲ್ಲ ಇಲ್ಲ ಅಂತ ಹಾಕು ಮತ್ತೆ."

ಶ್ರೀರಂಗ 'ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿದ. ಒಲೆಯ ಮುಂದಿದ್ದ ರಾಜೇಶ್ವರಿಗೆ ಅದು ಕಂಡಿತು. ಅವನು ನೀರು ಕುಡಿಯಲು ಒಳಗೆ ಬಂದಾಗ ಪಿಸುಗುಟ್ಟಿದಳು.

"ರೀ, ಅದು ಸುಳ್ಳಲ್ವಾ?"

"ಅಮ್ಮನ ಎದುರಿಗೆ ಹೌದು ಅಂತ ಹಾಕ್ಲಾ? ಒಂದು ದಿನದ ಪೇಪರ್ ಕಣೇ. ಯಾರು ಓದ್ತಾರೆ ಅದನ್ನ?"

"ಹೌದು ಅಂತ ಹಾಕಿದ್ರೆ ಇಪ್ಪತ್ತು ಪೌಂಡ್ ಜಾಸ್ತಿ ಅಷ್ಟೇ. ಅಮ್ಮ ಮಲಗಿದ ಮೇಲೆ ತಿದ್ದಿ."

"ತಿದ್ತೀನಿ, ತಿದ್ತೀನಿ. ಸಹಿ ನೀನೇ ಹಾಕು, ಚೆಕ್ ನಿನ್ನ ಅಕೌಂಟಿಂದು."

ಅವಳು ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದಳು. ಅವನು ತಿದ್ದಲಿಲ್ಲ, ಅವಳು ಮತ್ತೆ ಕೇಳಲಿಲ್ಲ. ಸೋಮವಾರ ಫಾರಂ ಅಂಚೆಗೆ ಹೋಯಿತು.

ಜುಲೈ ಹನ್ನೆರಡು, ಶನಿವಾರ. ಬಿಸಿಲು ಚೆನ್ನಾಗಿತ್ತು. ಅಡುಗೆಗೆ ಲೆವೆನ್ಶುಲ್ಮಿನಿಂದ ಶಕುಂತಲಾ ಬಂದಿದ್ದಳು. ಗದಗಿನ ಕಡೆಯವಳು. ಗಂಡ ಸಿದ್ದರಾಮಪ್ಪ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ಇವಳು ಮನೆಯಲ್ಲೇ ಜೋಳದ ರೊಟ್ಟಿ ತಟ್ಟಿ ಕನ್ನಡದ ಮನೆಗಳಿಗೆಲ್ಲ ಕೊಡುತ್ತಿದ್ದಳು. ಲೀಡ್ಸಿನಿಂದಲೂ ಅವಳ ರೊಟ್ಟಿಗೆ ಜನ ಬರುತ್ತಿದ್ದರು. ಮಾರ್ಕೀಯ ಒಂದು ಮೂಲೆಯಲ್ಲಿ ಗ್ಯಾಸ್ ಒಲೆ, ಅದರ ಮೇಲೆ ಬಿಸಿಬೇಳೆ ಭಾತಿನ ದೊಡ್ಡ ಪಾತ್ರೆ. ಪಕ್ಕದ ಮೇಜಿನಲ್ಲಿ ಅವಳು ರೊಟ್ಟಿ ಜೋಡಿಸುತ್ತಿದ್ದಳು.

ಹನ್ನೆರಡೂವರೆಗೇ ಗಂಡಸರು ಲಾನ್‌ಮೂವರ್ ನೋಡಲು ಹೋದರು. ಎರಡೂವರೆಯಾದರೂ ನೋಡಿ ಮುಗಿಯಲಿಲ್ಲ. ಹದಿನೇಳು ವರ್ಷದ ಮಗಳು ಮಾಳವಿಕಾ ಮೂರು ಸಲ ಐಸ್, ಎರಡು ಸಲ ಕಡಲೆಬೀಜ ಒಯ್ದು ಕೊಟ್ಟಳು. ಕೊನೆಗೆ ಮೂಳೆ ಸರ್ಜನ್ ದೇವೇಂದ್ರಪ್ಪ ಗರಾಜಿನಿಂದ ಹೊರಗೆ ಬಂದರು. ದಾವಣಗೆರೆಯ ಭಾರಿ ಆಳು, ಅದಕ್ಕಿಂತ ಭಾರಿ ದನಿ.

"ಸರಿಯಮ್ಮ ಶಕುಂತಲಾ, ಇವತ್ತು ಬಡಿಸೋನು ನಾನು!"

"ಬ್ಯಾಡ್ರಿ ಸರ, ಭಾಳ ಬಿಸಿ ಐತ್ರಿ, ಇಡ್ರಿ ಕೆಳಗ," ಎಂದು ಅವಳು ಹೇಳುತ್ತಿದ್ದಂತೆಯೇ ಅವರು ಎರಡು ಬಟ್ಟೆ ಹಿಡಿದು ಪಾತ್ರೆ ಎತ್ತಿದರು. ನಾಲ್ಕು ಹೆಜ್ಜೆ ಇಟ್ಟರು. ಮಾರ್ಕೀಯ ಹಗ್ಗ ಕಾಲಿಗೆ ತೊಡರಿತು. ಕುದಿಯುವ ಭಾತೆಲ್ಲ ರೊಟ್ಟಿಯ ಮೇಜಿನ ಮೇಲಿದ್ದ ಶಕುಂತಲಾಳ ಬಲಗೈ ಮೇಲೆ, ಮೊಣಕೈಯಿಂದ ಬೆರಳ ತುದಿಯವರೆಗೆ ಸುರಿದು, ಅಂಟಿಕೊಂಡು ಕೂತಿತು.

ಅಲ್ಲಿ ಹದಿನಾಲ್ಕು ಜನ ಡಾಕ್ಟರುಗಳಿದ್ದರು. ಹದಿನಾಲ್ಕೂ ಜನ ಸರಿಯಾದದ್ದನ್ನೇ ಕೂಗಿದರು: ನಲ್ಲಿ ಬಿಡಿ, ತಣ್ಣೀರು ಬಿಡಿ, ಬಳೆ ತೆಗೆಯಿರಿ. ಆದರೆ ಆಸ್ಪತ್ರೆಗೆ ಕಾರು ಓಡಿಸುವ ಸ್ಥಿತಿಯಲ್ಲಿ ಒಬ್ಬನೂ ಇರಲಿಲ್ಲ. ರಾಜೇಶ್ವರಿ ರೇಷ್ಮೆ ಸೀರೆಯಲ್ಲೇ ಕಾರು ತೆಗೆದಳು. ಶಕುಂತಲಾ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಒಂದೇ ಒಂದು ಮಾತು ಕೇಳಿದಳು.

"ಅಕ್ಕಾರ, ಬೆರಳು ಮಡಚಾಕ ಬರ್ತಾವೇನ್ರಿ ಮುಂದ?"

ರಾಜೇಶ್ವರಿಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಗೊತ್ತಿದ್ದ ಹದಿನಾಲ್ಕು ಜನ ಮನೆಯಲ್ಲಿ ಏಲಕ್ಕಿ ಹುಡುಕುತ್ತಿದ್ದರು.

ಎರಡು ವಾರಕ್ಕೆ ತೊಡೆಯ ಚರ್ಮ ತೆಗೆದು ಕೈಗೆ ಹಾಕಿ ಶಕುಂತಲಾಳನ್ನು ಮನೆಗೆ ಕಳಿಸಿದರು. ರಾಜೇಶ್ವರಿ 192ನೇ ನಂಬರ್ ಬಸ್ಸು ಹಿಡಿದು ಲೆವೆನ್ಶುಲ್ಮಿಗೆ ಹೋದಳು. ಒಂದು ಡಬ್ಬಿಯಲ್ಲಿ ಅನ್ನ, ಇನ್ನೊಂದರಲ್ಲಿ ಹುಳಿ. ಶಕುಂತಲಾ ಸೋಫಾದ ಮೇಲೆ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಸಿದ್ದರಾಮಪ್ಪ ಚಹಾ ಮಾಡಿಕೊಟ್ಟ.

"ನಿಮ್ಮ ಮ್ಯಾಲೆ ನಮಗೇನೂ ದ್ವೇಷ ಇಲ್ರಿ ಮೇಡಂ," ಎಂದ ಅವನು. "ಆದ್ರ ಬಲಗೈ ರೀ. ರೊಟ್ಟಿ ತಟ್ಟೋ ಕೈ. ವರ್ಷಗಟ್ಟಲೆ ಆಗ್ತದ ಅಂತಾರ ಡಾಕ್ಟ್ರು, ಪೂರ್ತಿ ಮಡಚೂದು ಡೌಟೇ ಅಂತಾರ. ನೀವು ಇನ್ಶೂರೆನ್ಸ್ ಮಾಡ್ಸಿದ್ರಂತಲ್ರಿ. ಹೆಂಗಾತು ಅನ್ನೂದನ್ನ ಇದ್ದದ್ದು ಇದ್ದಂಗ ಬರದು ಕೊಡ್ರಿ. ಅಷ್ಟ ಸಾಕು."

"ಬರೀತೀನಿ," ಎಂದಳು ರಾಜೇಶ್ವರಿ.

ಇನ್ಶೂರೆನ್ಸಿನವರ ಕಾಗದ ಆ ವಾರವೇ ಬಂತು. ಘಟನೆ ಹೇಗಾಯಿತು, ಯಾರಿಂದಾಯಿತು, ಮದ್ಯ ಕೊಡಲಾಗಿತ್ತೇ ಎಂದು ವಿವರ ಬರೆದು ಪಾಲಿಸಿದಾರರು ಸಹಿ ಮಾಡಬೇಕು. ಪಾಲಿಸಿದಾರಳು ರಾಜೇಶ್ವರಿ. ಅವಳು ಲೈಬ್ರರಿಯಿಂದ ಬರುವಷ್ಟರಲ್ಲಿ ಶ್ರೀರಂಗ ತನ್ನ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ವಿವರವನ್ನು ಟೈಪು ಮಾಡಿ ತಂದಿದ್ದ. ಊಟದ ಹೊತ್ತಿಗೆ ಅದನ್ನು ಅವಳ ತಟ್ಟೆಯ ಪಕ್ಕದಲ್ಲಿಟ್ಟ. ಅಡುಗೆಯಾಕೆ ತಾನೇ ಪಾತ್ರೆ ಎತ್ತಲು ಹೋಗಿ ಕೈಜಾರಿ ಬೀಳಿಸಿಕೊಂಡಳು. ಸಮಾರಂಭದಲ್ಲಿ ಮದ್ಯ ಇರಲಿಲ್ಲ. ಎರಡೇ ಸಾಲು.

"ಇದೇನು?" ಎಂದಳು ರಾಜೇಶ್ವರಿ.

"ಸಹಿ ಹಾಕು. ಊಟ ಆರ್ತಾ ಇದೆ."

"ಶಕುಂತಲಾ ಪಾತ್ರೆ ಮುಟ್ಟಲೇ ಇಲ್ಲ. ಇಡ್ರಿ ಇಡ್ರಿ ಅಂತ ಬಡ್ಕೊಂಡ್ಲು ಅವಳು."

"ನಿಜ ಬರೆದ್ರೆ ಏನಾಗುತ್ತೆ ಗೊತ್ತಾ? ಫಾರಂನಲ್ಲಿ ಸುಳ್ಳು ಹೇಳಿದೀರಿ ಅಂತ ಪಾಲಿಸಿ ರದ್ದು ಮಾಡ್ತಾರೆ. ಅವಳ ಲಾಯರು ನಮ್ಮ ಮೇಲೆ ಬರ್ತಾನೆ, ಮನೆ ಮೇಲೆ ಮತ್ತೆ ಮಾರ್ಟ್‌ಗೇಜ್. ದೇವೇಂದ್ರಪ್ಪನ ಹೆಸರು ಮೆಡಿಕಲ್ ಕೌನ್ಸಿಲ್‌ವರೆಗೂ ಹೋಗುತ್ತೆ, ಅವನ ಹಿಂದೆ ನಂದು."

"ಇದನ್ನ ಬರೆದ್ರೆ ಅವಳಿಗೇನು ಸಿಗುತ್ತೆ?"

ಶ್ರೀರಂಗ ಅನ್ನಕ್ಕೆ ತುಪ್ಪ ಹಾಕಿಕೊಂಡ. "ಅವಳ ಗಂಡ ದುಡೀತಾನಲ್ಲ."

ಮಾಳವಿಕಾ ಚಮಚ ಕೆಳಗಿಟ್ಟಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷು. ಆದರೆ ಅಜ್ಜಿಗೂ ತಿಳಿಯಲಿ ಎಂದೇ ಏನೋ, ಆ ದಿನ ತೊಡರುತ್ತ ತೊಡರುತ್ತ ಕನ್ನಡದಲ್ಲೇ ಹೇಳಿದಳು. "ಡ್ಯಾಡ್, ಐಸ್ ಕೊಟ್ಟಿದ್ದು ನಾನು. ಅಂಕಲ್ ನಾಲ್ಕು ಗ್ಲಾಸ್ ಕುಡಿದ್ರು. ನಾನು ನೋಡಿದೆ. ಯಾರಾದ್ರೂ ಕೇಳಿದ್ರೆ ಹೇಳ್ತೀನಿ."

"ಬಾಯ್ಮುಚ್ಚು! ಅಜ್ಜಿ ಕೂತಿರೋದು ಕಾಣಲ್ವಾ?"

ವಸುಂಧರಮ್ಮ ತಲೆ ಎತ್ತಲಿಲ್ಲ. "ನಂಗೊಂದು ಸ್ವಲ್ಪ ಮಜ್ಜಿಗೆ ಹಾಕು ರಾಜಿ," ಎಂದರು.

ಆ ಮಾತಿಗೆ ರಾಜೇಶ್ವರಿಗೆ ಮೈಯೆಲ್ಲ ಉರಿದುಹೋಯಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರೆ. ಈ ಮನೆಯಲ್ಲಿ ಬೆಕ್ಕು ಹಾಲು ಕುಡಿಯುವಾಗ ಕಣ್ಣು ಮುಚ್ಚಿಕೊಳ್ಳುವವರು ಉಳಿದವರೆಲ್ಲ. ಮಜ್ಜಿಗೆ ಹಾಕಿದಳು. ಸಹಿ ಹಾಕಲಿಲ್ಲ.

ಆಮೇಲೆ ಹತ್ತು ದಿನ ಅದೇ ರಾಮಾಯಣ. ಬೆಳಿಗ್ಗೆ ಕಾಫಿಯ ಜೊತೆ ಕಾಗದ, ರಾತ್ರಿ ಊಟದ ಜೊತೆ ಕಾಗದ. ಶ್ರೀರಂಗ ಒಂದು ದಿನ ಬೇಡಿಕೊಂಡ, ಒಂದು ದಿನ ಕಿರುಚಿದ, ಒಂದು ದಿನ ನಿನ್ನ ತವರಿನವರಿಗೆ ಫೋನ್ ಮಾಡುತ್ತೇನೆ ಎಂದ. ಐವತ್ತು ವರ್ಷದ ಹೆಂಡತಿಯ ಮೇಲೆ ತವರಿಗೆ ಚಾಡಿ ಹೇಳುತ್ತಾನಂತೆ, ಎಂಥ ಗಂಡಸು! ರಾಜೇಶ್ವರಿ ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಅತ್ತೆಯ ಬಿ.ಪಿ. ಮಾತ್ರೆ ಎಣಿಸಿ ಕೊಟ್ಟಳು. ಒಂದು ಕೆಲಸ ಮಾತ್ರ ಪಾರ್ಟಿಯ ಮರುದಿನದಿಂದಲೇ ನಿಲ್ಲಿಸಿದ್ದಳು. ಗರಾಜಿನ ಬಾಟಲಿಗಳನ್ನು ಡಬ್ಬಿಗೆ ಹಾಕಿ ಬಂದಿರಲಿಲ್ಲ. ಪಾರ್ಟಿಯ ಬಾಟಲಿಗಳು, ಅದರ ಮೇಲೆ ಶ್ರೀರಂಗ ಒಬ್ಬನೇ ಖಾಲಿ ಮಾಡಿದವು, ಎಲ್ಲ ಲಾನ್‌ಮೂವರಿನ ಸುತ್ತ ನಿಂತವು.

"ಗರಾಜು ಕ್ಲೀನ್ ಮಾಡಿಲ್ಲ ಯಾಕೆ?" ಎಂದ ಶ್ರೀರಂಗ.

"ಏನಿದೆ ಅಲ್ಲಿ ಕ್ಲೀನ್ ಮಾಡೋಕೆ? ಲಾನ್‌ಮೂವರ್ ತಾನೇ?"

ಆಗಸ್ಟ್ ಎರಡನೇ ಭಾನುವಾರ ಮಧ್ಯಾಹ್ನ ದೇವೇಂದ್ರಪ್ಪ ಹೆಂಡತಿ ನಿರುಪಮಾಳ ಜೊತೆ ಬಂದರು. ಕೈಯಲ್ಲಿ ಎರಡು ಕೆಜಿ ಸಿಹಿತಿಂಡಿಯ ಡಬ್ಬಿ. ಊಟದ ಮೇಜಿನ ಸುತ್ತ ಎಲ್ಲರೂ ಕುಳಿತರು. ವಸುಂಧರಮ್ಮ ತಮ್ಮ ಕುರ್ಚಿಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಅಮ್ಮನ ಎದುರಿಗೆ ಬಿಡಿಸಿ ಹೇಳುವಂತಿಲ್ಲವಲ್ಲ, ದೇವೇಂದ್ರಪ್ಪ ಸುತ್ತು ಬಳಸಿ ಮಾತಾಡಿದರು.

"ನೋಡಮ್ಮಾ ರಾಜೇಶ್ವರಿ, ಆಗಿದ್ದು ಆಗೋಯ್ತು. ನಾನು ವಾರಕ್ಕೆ ಎಂಟು ಆಪರೇಷನ್ ಮಾಡೋನು. ನನ್ನ ಹೆಸರು ಅಂಥ ಕಾಗದದಲ್ಲಿ ಬರಬಾರದು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಆ ಹೆಣ್ಮಗಳನ್ನ ನಾನು ಕೈಬಿಡಲ್ಲ. ಐನೂರು ಪೌಂಡ್ ಅವಳ ಕೈಗೆ ನಾನೇ ಕೊಡ್ತೀನಿ."

"ಎಡಗೈಗೆ ಕೊಡಿ ಡಾಕ್ಟ್ರೇ," ಎಂದಳು ರಾಜೇಶ್ವರಿ. "ಬಲಗೈ ಮಡಚೋಕಾಗಲ್ಲ ಅವರಿಗೆ."

ದೇವೇಂದ್ರಪ್ಪನವರ ಮುಖ ಕಪ್ಪಿಟ್ಟಿತು. ನಿರುಪಮಾ ನಡುವೆ ಬಾಯಿ ಹಾಕಿದಳು. "ಏನ್ ರಾಜಿ, ಒಬ್ಬ ಅಡುಗೆಯೋಳಿಗೋಸ್ಕರ ಇಪ್ಪತ್ತು ವರ್ಷದ ಸ್ನೇಹ ಕೆಡಿಸ್ಕೋತೀಯಾ? ಅವತ್ತು ಏನೂ ಇರಲಿಲ್ಲ ಅಂತ ನಾವೆಲ್ಲ ಹೇಳ್ತೀವಿ. ಅಮ್ಮನೇ ಇದ್ರಲ್ಲ, ಕೇಳು ಬೇಕಾದ್ರೆ."

ರಾಜೇಶ್ವರಿ ಅತ್ತೆಯ ಕಡೆ ತಿರುಗಿದಳು. "ಕೇಳೇಬಿಡ್ತೀನಿ. ಅತ್ತೆ, ನಮ್ಮ ಗರಾಜಲ್ಲಿ ಏನಿದೆ?"

ವಸುಂಧರಮ್ಮನವರ ಬೆರಳುಗಳು ಹತ್ತಿಯ ಮೇಲೆ ಒಂದು ಗಳಿಗೆ ನಿಂತವು.

"ಲಾನ್‌ಮೂವರ್," ಎಂದರು.

ಶ್ರೀರಂಗ ನಿಟ್ಟುಸಿರುಬಿಟ್ಟ. ರಾಜೇಶ್ವರಿ ಎದ್ದು ಗರಾಜಿಗೆ ಹೋದಳು. ಎರಡು ಕೈಯಲ್ಲಿ ನಾಲ್ಕು ಬಾಟಲಿ ತಂದು ಸಿಹಿತಿಂಡಿಯ ಡಬ್ಬಿಯ ಪಕ್ಕದಲ್ಲಿಟ್ಟಳು. ಮತ್ತೆ ಹೋದಳು. ಮತ್ತೆ ನಾಲ್ಕು. ಮೂರನೇ ಸಲ ಮಾಳವಿಕಾ ಎದ್ದು ಅವಳ ಹಿಂದೆ ಹೋದಳು. ಯಾರಿಗೂ ತಡೆಯಲು ತೋಚಲಿಲ್ಲ. ಮೇಜಿನ ತುಂಬ ಬಾಟಲಿ, ಕೊನೆಯದನ್ನು ಹತ್ತಿಯ ತಟ್ಟೆ ಸರಿಸಿ ಇಡಬೇಕಾಯಿತು.

"ನಂಗೆ ಗೊತ್ತಿಲ್ಲ ಅಂದ್ಕೊಂಡಿದೀಯೇನೇ?" ವಸುಂಧರಮ್ಮ ನಿಧಾನವಾಗಿ ಹೇಳಿದರು. "ನಿಮ್ಮ ಮಾವನೂ ಕುಡೀತಿದ್ರು, ಹಿಂದಿನ ಕೊಟ್ಟಿಗೇಲಿ ಕೂತು. ಮೂವತ್ತು ವರ್ಷ ನಾನು ಆ ಕಡೆ ತಿರುಗಿ ನೋಡಲಿಲ್ಲ. ಸಂಸಾರ ನಡೀತು."

"ಅಲ್ಲಿ ಯಾರ ಕೈಯೂ ಸುಡಲಿಲ್ಲ ಅಲ್ವಾ ಅತ್ತೆ, ಅದಕ್ಕೇ ನಡೀತು."

"ಸುಡಲಿಲ್ಲ ಅಂತ ನಿಂಗೆ ಯಾರು ಹೇಳಿದ್ದು?"

ಅಷ್ಟು ಹೇಳಿ ಅವರು ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ರಾಜೇಶ್ವರಿಗೆ ಕನಿಕರ ಬರಬೇಕಿತ್ತು, ಬಂದದ್ದು ಇನ್ನಷ್ಟು ಕೋಪ. ಸುಟ್ಟ ಕೈಯ ನೋವು ಗೊತ್ತಿದ್ದೂ ಮಜ್ಜಿಗೆ ಕೇಳಿದ್ದರಲ್ಲ! ಇವರಿಗೆ ಗೊತ್ತಿತ್ತು, ಗೊತ್ತಿದೆ ಅನ್ನುವುದು ಮಗನಿಗೂ ಒಳಗೊಳಗೆ ತಿಳಿದಿರಬೇಕು. ಹಾಗಾದರೆ ಆ ಚೌಕದಲ್ಲಿ 'ಇಲ್ಲ' ಎಂದು ಗುರುತು ಹಾಕಿದ್ದು ಯಾರ ಕಣ್ಣಿಗೆ ಮಣ್ಣೆರಚಲು?

ಅವಳು ಟೈಪು ಮಾಡಿದ ಹಾಳೆಯನ್ನು ಮಗುಚಿ, ಹಿಂಬದಿಯಲ್ಲಿ ಕೈಯಾರೆ ಬರೆದಳು. ನಮ್ಮ ಮನೆಯಲ್ಲಿ ಮದ್ಯ ಇತ್ತು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಇಲ್ಲವೆಂಬ ಫಾರಂಗೆ ಸಹಿ ಮಾಡಿದೆ. ಪಾತ್ರೆ ಎತ್ತಿದವರು ಕುಡಿದಿದ್ದ ಡಾಕ್ಟರ್ ದೇವೇಂದ್ರಪ್ಪ. ಶಕುಂತಲಾ ಬೇಡವೆಂದಳು. ಕೆಳಗೆ ಹೆಸರು ಹಾಕಿ ಲಕೋಟೆ ಅಂಟಿಸಿದಳು. ದೇವೇಂದ್ರಪ್ಪ ಎದ್ದರು. ನಿರುಪಮಾ ಸಿಹಿತಿಂಡಿಯ ಡಬ್ಬಿಯನ್ನು ವಾಪಸು ತೆಗೆದುಕೊಂಡು ಹೋದಳು, ಅದನ್ನೂ ಹೇಳಿಬಿಡಬೇಕು.

ಅಂಚೆ ಡಬ್ಬಿಯವರೆಗೂ ಶ್ರೀರಂಗ ಚಪ್ಪಲಿಯಲ್ಲೇ ಹಿಂಬಾಲಿಸಿದ.

"ಮನೆ ಹಾಳುಮಾಡ್ತಿದೀಯ ನೀನು!"

"ಇಪ್ಪತ್ತೈದು ವರ್ಷ ಗುಡಿಸಿದೀನಿ ಈ ಮನೇನ. ಹಾಳಾಗಿರೋದು ಎಲ್ಲಿ ಅಂತ ನಂಗೆ ಗೊತ್ತು," ಎಂದು ಅವಳು ಲಕೋಟೆಯನ್ನು ಒಳಗೆ ಬಿಟ್ಟಳು.

ಸೆಪ್ಟೆಂಬರ್ ಮೊದಲ ವಾರ ಇನ್ಶೂರೆನ್ಸಿನವರ ಉತ್ತರ ಬಂತು. ಪಾಲಿಸಿ ರದ್ದು, ಅವರಿಂದ ಒಂದು ಕಾಸೂ ಇಲ್ಲ. ಅದರ ಹಿಂದೆಯೇ ಶಕುಂತಲಾಳ ಲಾಯರಿನ ಕಾಗದ, ಒಂದು ಈ ಮನೆಗೆ, ಒಂದು ದೇವೇಂದ್ರಪ್ಪನವರಿಗೆ. ಶ್ರೀರಂಗ ಬ್ಯಾಂಕಿಗೆ ಹೋಗಿ ಮನೆಯ ಮೇಲೆ ಮತ್ತೆ ಸಾಲ ಕೇಳಿ ಬಂದ. ಬಂದವನು ಹೆಂಡತಿಯ ಜೊತೆ ಮಾತಾಡಲಿಲ್ಲ. ಅವಳೂ ಮಾತಾಡಿಸಲಿಲ್ಲ. ತನ್ನ ಮನೆಗೆ ಬಿದ್ದ ಕೊಡಲಿಗೆ ತಾನೇ ಕಾವಾಗಿದ್ದವನನ್ನು ಸಮಾಧಾನ ಮಾಡುವ ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ.

ಶುಕ್ರವಾರ ಅವಳು ಮತ್ತೆ 192 ಹತ್ತಿದಳು. ಶಕುಂತಲಾಳ ಬ್ಯಾಂಡೇಜು ಬಿಚ್ಚಿದ್ದರು. ಕೈ ಗುಲಾಬಿ ಬಣ್ಣಕ್ಕೆ ತಿರುಗಿ ಬಿಗಿದುಕೊಂಡಿತ್ತು, ಬೆರಳುಗಳು ಅರ್ಧ ಮಾತ್ರ ಬಾಗುತ್ತಿದ್ದವು. ರಾಜೇಶ್ವರಿ ಅಡುಗೆಮನೆಯಲ್ಲಿ ನಿಂತೇ ಎಲ್ಲ ಹೇಳಿದಳು.

"ಖರೇ ಬರದ್ರಿ, ಚಲೋ ಆತು," ಎಂದಳು ಶಕುಂತಲಾ. ಆಮೇಲೆ ಕೇಳಿದಳು. "ಮದಲನೇ ಫಾರಂ ಮ್ಯಾಲೆ ಸಹಿ ಯಾರ್ದಿತ್ರಿ ಅಕ್ಕಾರ?"

"ನಂದೇ."

"ಅವತ್ತೂ ನಿಮಗ ಗೊತ್ತಿತ್ತಲ್ರಿ."

"ಗೊತ್ತಿತ್ತು."

"ಹಂಗಾರ ನೀವೂ ಅವರೊಳಗ ಒಬ್ರ."

ಗಂಡನಿಗೆ, ಅತ್ತೆಗೆ, ಸರ್ಜನ್ನಿಗೆ ಎಲ್ಲರಿಗೂ ತಿರುಗೇಟು ಕೊಟ್ಟಿದ್ದ ರಾಜೇಶ್ವರಿ ಇದನ್ನು ಕೇಳಿ ತಲೆ ತಗ್ಗಿಸಿದಳು. ಕಣ್ಣಲ್ಲಿ ನೀರು ಬಂತು. ಶಕುಂತಲಾ ಅದನ್ನು ನೋಡಿಯೂ ಸಮಾಧಾನ ಹೇಳಲಿಲ್ಲ. ಎಡಗೈಯಿಂದ ಹಿಟ್ಟಿನ ಡಬ್ಬಿ ಮುಂದಕ್ಕೆ ತಳ್ಳಿದಳು.

"ನಾಳೆ ಲೀಡ್ಸಿನವ್ರದು ಅರವತ್ತು ರೊಟ್ಟಿ ಆರ್ಡರ್ ಐತ್ರಿ. ಇಲ್ಲ ಅನ್ನಾಕ ಮನಸಾಗಲಿಲ್ಲ. ಬಿಸಿನೀರು ಹಾಕಿ ನಾದ್ರಿ."

ರಾಜೇಶ್ವರಿ ಸೆರಗು ಸಿಕ್ಕಿಸಿದಳು. ಹಿಟ್ಟು ನಾದಿದಳು, ಉಂಡೆ ಮಾಡಿದಳು, ತಟ್ಟಿದಳು. ಮೊದಲನೆಯದು ಹರಿಯಿತು. ಎರಡನೆಯದು ಹೆಂಚಿಗೆ ಹಾಕುವಾಗ ಎರಡು ತುಂಡಾಯಿತು. ಮೂರನೆಯದರ ಮೇಲೆ ಅವಳ ಅಂಗೈ ಪಟಪಟನೆ ಹೊಡೆಯಿತು, ಅದೂ ಹರಿಯಿತು.

"ಸಿಟ್ಟಿಲೆ ತಟ್ಟಿದ್ರ ಹರೀತೈತ್ರಿ," ಎಂದಳು ಶಕುಂತಲಾ.

"ಸಿಟ್ಟು ಹೋಗ್ತಾ ಇಲ್ಲ."

"ಹೋಗೂದು ಬ್ಯಾಡ್ರಿ. ನಂದೂ ಹೋಗಿಲ್ಲ. ಕೈ ಅಷ್ಟ ಹಗೂರ ಇರ್ಲಿ."

ನಾಲ್ಕನೆಯದು ಇಡಿಯಾಗಿ ಹೆಂಚಿಗೆ ಬಿತ್ತು. ಒದ್ದೆ ಬಟ್ಟೆಯಿಂದ ನೀರು ಸವರುವಾಗ ಹಬೆ ಹೊಡೆದು ಅವಳ ಬೆರಳು ಚುರುಕ್ಕೆಂದಿತು. ಕೈ ಹಿಂದಕ್ಕೆ ಎಳೆದುಕೊಂಡಳು.

"ಸುಟ್ಟತೇನ್ರಿ?"

"ಸ್ವಲ್ಪ."

ಶಕುಂತಲಾ ರೊಟ್ಟಿಯನ್ನು ಎಡಗೈಯಿಂದ ತೆಗೆದು ಬುಟ್ಟಿಗೆ ಹಾಕಿದಳು.

"ತಟ್ರಿ," ಎಂದಳು. "ಇನ್ನ ಐವತ್ತೊಂಬತ್ತು ಅದಾವ."